ಕಡೆಗೀಲಿನಿಂದ ಬೇರಿಂಗಿಗೆ: ಅಷ್ಟೂರದ ದಾರಿಯಲ್ಲಿ ಒಂದು ವಿಚಾರ

1

ಬೀದರದ ಚರಿತ್ರೆಯನ್ನು ಬರೆದವರು ಅರಸರನ್ನು ಕುರಿತು ಬರೆದಿದ್ದಾರೆ. ಕೋಟೆ, ಮದರಸಾ, ಗೋರಿಗಳನ್ನು ಕುರಿತು ಬರೆದಿದ್ದಾರೆ. ಗುಲಾಂ ಯಜ್ದಾನಿಯವರು 1947ರಲ್ಲಿ ಪ್ರಕಟಿಸಿದ ಬೃಹದ್ಗ್ರಂಥವು ಇಲ್ಲಿನ ಸ್ಮಾರಕಗಳ ಅಭ್ಯಾಸಕ್ಕೆ ಇಂದಿಗೂ ಆಧಾರವಾಗಿ ನಿಂತಿದೆ. ಆದರೆ ಆ ಸ್ಮಾರಕಗಳಿಗೆ ಕಲ್ಲು, ಸುಣ್ಣ, ಮರಗಳನ್ನು ತಂದ ಗಾಲಿಯ ಚರಿತ್ರೆಯನ್ನು ಕೇಳಿದವರು ವಿರಳ. ಆ ಗಾಲಿ ಸವೆದಾಗ ಅದನ್ನು ಯಾರು ಹೇಗೆ ಅರಿತರು, ಹೇಗೆ ಸರಿಪಡಿಸಿದರು ಎಂದು ಕೇಳಿದವರು ಇನ್ನೂ ವಿರಳ. ಯಂತ್ರಗಳ ಇತಿಹಾಸವೆಂದರೆ ಹೊಸದನ್ನು ಕಂಡುಹಿಡಿದವರ ಪಟ್ಟಿ ಎಂಬ ಭಾವನೆ ನಮ್ಮ ಪಠ್ಯಗಳಲ್ಲಿ ಬೇರೂರಿದೆ. ಕಂಡುಹಿಡಿದುದನ್ನು ದಿನದಿನವೂ ನಡೆಯಿಸಿಕೊಂಡು ಹೋದವರ ವಿದ್ಯೆಯೂ ಇತಿಹಾಸದ ವಸ್ತುವೇ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಒಂದು ಸಣ್ಣ ನಿದರ್ಶನದ ಮೂಲಕ ತೋರಿಸಲು ಯತ್ನಿಸುತ್ತೇವೆ. ಆ ನಿದರ್ಶನವು ಮೋಟಾರು ಕಾರಿನ ಚಕ್ರದಲ್ಲಿರುವ ಬೇರಿಂಗು.

ಈ ವಿಷಯವು ಇತಿಹಾಸ ವಿಭಾಗದ ಪತ್ರಿಕೆಗೆ ಉಚಿತವೇ ಎಂಬ ಶಂಕೆ ವಾಚಕರಲ್ಲಿ ಮೂಡಬಹುದು. ನಮಗೂ ಮೂಡಿತ್ತು. ಅಷ್ಟೂರದ ಗೋರಿಗಳನ್ನು ನೋಡಲು ವಿದ್ಯಾರ್ಥಿಗಳೊಡನೆ ಹೊರಟ ಒಂದು ದಿನ ಆ ಶಂಕೆಯನ್ನು ಪರಿಹರಿಸಿತು. ಆದುದರಿಂದ ಮೊದಲು ಆ ಪ್ರಸಂಗವನ್ನು ನಿವೇದಿಸುವುದು ಯುಕ್ತ.

2

ಅಷ್ಟೂರವು ಬೀದರ ನಗರದಿಂದ ಪೂರ್ವಕ್ಕೆ ಸುಮಾರು 3 ಕಿ.ಮೀ. ದೂರದಲ್ಲಿದೆ. ಬೀದರವು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿನಲ್ಲಿ ನಿಂತ ಊರು. ಅಷ್ಟೂರವು ಆ ಅಂಚಿನಿಂದ ಇಳಿದ ತಗ್ಗಿನಲ್ಲಿದೆ. ಇಳಿಯುವ ದಾರಿಯ ಬದಿಯಲ್ಲಿ ಕಿರ್ಮಾನಿನಿಂದ ಬಂದ ಸೂಫಿ ಖಲೀಲುಲ್ಲಾಹರ ಅಷ್ಟಕೋನದ ಚೌಖಂಡಿ ಕಾಣುವುದು. ಮುಂದೆ ಬಹಮನಿ ಸುಲ್ತಾನರ ಗೋರಿಗಳ ಸಾಲು. ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದು 1436ರಲ್ಲಿ ತೀರಿಕೊಂಡ ಅಹ್ಮದ್ ಶಾಹ ವಲಿಯ ಗೋರಿ ಇವುಗಳಲ್ಲಿ ಪ್ರಸಿದ್ಧವಾದುದು. ಈತನನ್ನು ಮುಸಲ್ಮಾನರು ವಲಿಯೆಂದೂ ಲಿಂಗಾಯತ ಭಕ್ತರಲ್ಲಿ ಅನೇಕರು ಅಲ್ಲಮಪ್ರಭುವೆಂದೂ ಭಾವಿಸಿ ನಡೆಯುತ್ತಾರೆ. ಇಲ್ಲಿನ ಉರುಸು ಹೋಳಿಯ ಸುಮಾರಿಗೆ ಹಿಂದೂ ಪಂಚಾಂಗದ ಲೆಕ್ಕದಲ್ಲಿ ನಡೆಯುವುದೂ, ಕಲಬುರಗಿಯ ಕಡೆಯಿಂದ ಜಂಗಮರು ಅದಕ್ಕೆ ಬರುವುದೂ ಸುವಿದಿತ. ಈ ಇಳಿಜಾರು ಹೀಗೆ ಶತಮಾನಗಳಿಂದ ಜನರೂ ಗಾಡಿಗಳೂ ಇಳಿದು ಹತ್ತಿದ ದಾರಿ.

ನಾವು ಆ ದಾರಿಯನ್ನು ಇಳಿದುದು ಹಳೆಯದೊಂದು ಕಾರಿನಲ್ಲಿ. ನಮ್ಮೊಡನೆ ನಾಲ್ವರು ವಿದ್ಯಾರ್ಥಿಗಳಿದ್ದರು. ಕೆಲವು ವಾರಗಳಿಂದ ಆ ಕಾರು ವೇಗವೇರಿದಾಗಲೆಲ್ಲ ದೂರದಲ್ಲಿ ಬೀಸುಕಲ್ಲು ತಿರುಗಿದಂತೆ ಗುಂಯ್‌ಗುಡುತ್ತಿತ್ತು. ಟೈರುಗಳೇ ಕಾರಣವೆಂದು ನಾವು ನಿರ್ಣಯಿಸಿ ಎರಡು ಹೊಸ ಟೈರುಗಳನ್ನು ಕೊಂಡಿದ್ದೆವು. ದನಿ ನಿಲ್ಲಲಿಲ್ಲ. ಬೇರಿಂಗಿನ ಮೇಲೆ ಸಂಶಯ ಹುಟ್ಟದಿರುವುದಕ್ಕೆ ಒಂದು ದಾಖಲೆಯೇ ಕಾರಣವಾಗಿತ್ತು: ಹಿಂದಿನ ವರ್ಷ ಬೇರೊಂದು ಊರಿನ ಕಾರ್ಖಾನೆಯಲ್ಲಿ ಬಲಗಡೆಯ ಮುಂದಿನ ಬೇರಿಂಗನ್ನು ಬದಲಾಯಿಸಿದ್ದಕ್ಕೆ ರಸೀದಿ ನಮ್ಮ ಬಳಿ ಇತ್ತು. ಒಂದು ವರ್ಷದ ಹೊಸ ಬೇರಿಂಗು ಕೆಡುವುದುಂಟೆ ಎಂದು ನಾವು ಆ ಕಾಗದವನ್ನು ನಂಬಿದೆವು.

ಚೌಖಂಡಿಯ ಬಳಿ ದಾರಿ ಎಡಕ್ಕೆ ತಿರುಗಿದಾಗ ದನಿ ಒಮ್ಮೆಲೇ ಹೆಚ್ಚಿತು. ಬಲಕ್ಕೆ ತಿರುಗಿದಾಗ ಕುಗ್ಗಿತು. ಗೋರಿಗಳನ್ನು ನೋಡಿ ಮರಳುವಾಗ ನಾವು ನಗರದ ಒಂದು ಸಣ್ಣ ಗ್ಯಾರೇಜಿನ ಮುಂದೆ ನಿಂತೆವು. ಅಲ್ಲಿನ ವೃದ್ಧ ಮಿಸ್ತ್ರಿಯವರು ಕಾರಿನಲ್ಲಿ ನಮ್ಮೊಡನೆ ಅರ್ಧ ಮೈಲಿ ಬಂದು, ಮರಳಿ ಇಳಿದು, ಬಲಗಡೆಯ ಮುಂಗಾಲಿಯನ್ನು ತೋರಿಸಿದರು. ನಾವು ರಸೀದಿಯ ವಿಚಾರ ಹೇಳಿದೆವು. ಕಾಗದ ಸುಳ್ಳಾಡುತ್ತಿಲ್ಲ, ಆದರೆ ಗಾಲಿಯೂ ಸುಳ್ಳಾಡುತ್ತಿಲ್ಲ ಎಂದು ಅವರು ಉತ್ತರಿಸಿದರು. ಇತಿಹಾಸದ ಅಧ್ಯಾಪಕರಾದ ನಮಗೆ ಆ ಮಾತು ಅಂದಿನಿಂದ ಮನಸ್ಸಿನಲ್ಲಿ ಉಳಿದಿದೆ. ಅದರ ಅರ್ಥವನ್ನು ತಿಳಿಯಲು ಗಾಲಿಯ ಪೂರ್ವಚರಿತ್ರೆಯನ್ನು ಕೊಂಚ ನೋಡಬೇಕಾಗುವುದು.

3

ತಿರುಗುವ ಗಾಲಿ ಮತ್ತು ತಿರುಗದ ಅಚ್ಚು ಇವೆರಡೂ ಕೂಡುವ ಸ್ಥಳವೇ ವಾಹನದ ಮರ್ಮಸ್ಥಾನ. ಹೊರೆಯೆಲ್ಲವೂ ಅಲ್ಲಿ ಬಂದು ಕೂರುವುದು, ಉಜ್ಜಾಟವೂ ಅಲ್ಲಿಯೇ. ಪ್ರಾಚೀನರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಋಗ್ವೇದದ ಮೊದಲನೆಯ ಮಂಡಲದ 164ನೆಯ ಸೂಕ್ತದಲ್ಲಿ ಕಾಲಚಕ್ರದ ವರ್ಣನೆ ಬರುವಾಗ, ಬಹುಭಾರವನ್ನು ಹೊತ್ತಿದ್ದರೂ ಅದರ ಅಚ್ಚು ಬಿಸಿಯೇರುವುದಿಲ್ಲ, ಅದರ ನಾಭಿ ಸವೆದು ಮುರಿಯುವುದಿಲ್ಲ ಎಂಬ ಭಾವವಿದೆ. ದೇವಲೋಕದ ಚಕ್ರಕ್ಕೆ ಇದು ವಿಶೇಷಗುಣವೆಂದು ಹೇಳಬೇಕಾದರೆ, ಮನುಷ್ಯಲೋಕದ ಚಕ್ರಗಳ ಅಚ್ಚು ಬಿಸಿಯಾಗುವುದನ್ನೂ ನಾಭಿ ಸವೆಯುವುದನ್ನೂ ಆ ಕವಿಯು ಕಂಡಿರಲೇಬೇಕು. ಸವೆತದ ಲಕ್ಷಣಗಳನ್ನು ಸೂಚಿಸುವ ಅತಿ ಪ್ರಾಚೀನ ಉಲ್ಲೇಖಗಳಲ್ಲಿ ಇದೊಂದೆಂದು ಭಾವಿಸುವುದರಲ್ಲಿ ತಪ್ಪಿಲ್ಲ.

ಸಂಸ್ಕೃತದ ಅಕ್ಷ, ನಾಭಿ, ಅರ, ನೇಮಿ, ಆಣಿ ಎಂಬ ಮಾತುಗಳಿಗೆ ಸರಿಯಾಗಿ ಕನ್ನಡದಲ್ಲಿ ಅಚ್ಚು, ಗುಂಬ, ಅರೆ, ಹಳಿ, ಕಡೆಗೀಲು ಮೊದಲಾದ ಮಾತುಗಳುಂಟು. ಗಾಲಿಯ ನಡುವಣ ದಪ್ಪ ಮರವೇ ಗುಂಬ. ಅದರ ತೂತಿನಲ್ಲಿ ಅಚ್ಚಿನ ತುದಿ ಹಾದುಬರುವುದು. ಗಾಲಿ ಕಳಚಿ ಬೀಳದಂತೆ ಅಚ್ಚಿನ ಕೊನೆಗೆ ಹೊಡೆದ ಗೂಟವೇ ಕಡೆಗೀಲು. ಇಷ್ಟು ಚಿಕ್ಕ ವಸ್ತುವಿನ ಮೇಲೆ ಎಷ್ಟು ದೊಡ್ಡ ಕಾರ್ಯ ನಿಂತಿರುವುದೆಂಬುದನ್ನು ನಮ್ಮ ಜನ ಕಥೆಯಾಗಿಯೂ ಹೇಳಿಕೊಂಡು ಬಂದಿದ್ದಾರೆ. ಯುದ್ಧದಲ್ಲಿ ದಶರಥನ ರಥದ ಕೀಲು ಕಳಚಿದಾಗ ಕೈಕೇಯಿ ತನ್ನ ಬೆರಳನ್ನೇ ಅಲ್ಲಿಟ್ಟು ಗಾಲಿಯನ್ನು ಉಳಿಸಿದಳೆಂಬ ಕಥೆ ಜನಪ್ರಿಯವಾದುದು. ವಾಲ್ಮೀಕಿಯ ಕಾವ್ಯದಲ್ಲಿ ಅದು ಈ ರೂಪದಲ್ಲಿಲ್ಲ. ಆದರೂ ರಾಮನ ವನವಾಸಕ್ಕೆ ಕಾರಣವಾದ ವರಗಳ ಮೂಲವನ್ನು ಜನರು ಒಂದು ಕೀಲಿನಲ್ಲಿ ಕಂಡರೆಂಬುದು ಗಮನಾರ್ಹ.

ಬೀದರ ಪ್ರದೇಶದಲ್ಲಿ ಗಾಲಿಯ ಕೆಲಸಕ್ಕೆ ಸಮಾಜದಲ್ಲಿ ಯಾವ ಸ್ಥಾನವಿದ್ದಿತೆಂಬುದಕ್ಕೆ ಕಲ್ಯಾಣದ ಶರಣರ ಬಳಗವನ್ನು ನೆನೆಯಬಹುದು. 12ನೆಯ ಶತಮಾನದ ವಚನಕಾರರಲ್ಲಿ ಬಾಚಿಕಾಯಕದ ಬಸವಯ್ಯನೆಂಬ ಬಡಗಿಯೂ ಒಬ್ಬ. ಬಾಚಿಯನ್ನೇ ತನ್ನ ಹೆಸರಿನಲ್ಲಿ ಧರಿಸಿದ ಕೈಗೆಲಸದವನು ಅನುಭಾವದ ಮಾತನ್ನಾಡಿದ ನೆಲವಿದು. ಕೈಯ ವಿದ್ಯೆ ಬೇರೆ, ಬುದ್ಧಿಯ ವಿದ್ಯೆ ಬೇರೆ ಎಂಬ ಭೇದವನ್ನು ಇಲ್ಲಿ ಒಮ್ಮೆ ಪ್ರಶ್ನಿಸಿದ್ದರೆಂಬುದನ್ನು ನಾವು ಮರೆಯಲಾಗದು.

ಆದರೂ ಗಾಲಿಯ ಬಳಕೆಯನ್ನು ಅತಿಶಯಿಸಿ ಹೇಳಬಾರದು. 1471ರ ಸುಮಾರಿಗೆ ಬೀದರದಲ್ಲಿದ್ದು ಅಲ್ಲಿಯೇ ತನ್ನ ಕುದುರೆಯನ್ನು ಮಾರಿದ ರಷ್ಯದ ವರ್ತಕ ಅಫನಾಸಿ ನಿಕಿತಿನನು, ಈ ದೇಶದಲ್ಲಿ ಕುದುರೆಗಳು ಹುಟ್ಟುವುದಿಲ್ಲ, ಎತ್ತು ಕೋಣಗಳು ಹುಟ್ಟುತ್ತವೆ, ಜನರು ಅವುಗಳ ಮೇಲೆಯೇ ಸವಾರಿ ಮಾಡಿ ಸರಕನ್ನೂ ಸಾಗಿಸುತ್ತಾರೆ ಎಂಬರ್ಥದಲ್ಲಿ ಬರೆದಿದ್ದಾನೆ. 17ನೆಯ ಶತಮಾನದ ಫ್ರೆಂಚ್ ವರ್ತಕ ತಾವೆರ್ನಿಯೆ ಹೇರೆತ್ತುಗಳ ತಂಡಗಳನ್ನು ಕಂಡಿದ್ದನು. ಒಂದೊಂದರಲ್ಲಿ ಹತ್ತು ಹನ್ನೆರಡು ಸಾವಿರ ಎತ್ತುಗಳಿರುತ್ತಿದ್ದುವೆಂದು ಹೇಳುತ್ತಾನೆ. ಗಾಡಿಗಳನ್ನೂ ಅವನು ವರ್ಣಿಸಿದ್ದಾನೆ: ಒಂದು ಗಾಡಿಗೆ ಹತ್ತು ಹನ್ನೆರಡು ಎತ್ತುಗಳು, ಕೆಟ್ಟ ದಾರಿಯಲ್ಲಿ ಗಾಡಿ ಮಗುಚದಂತೆ ಎರಡೂ ಬದಿಯಿಂದ ಹಗ್ಗ ಹಿಡಿದು ನಡೆಯುವ ಸಿಪಾಯಿಗಳು. ಇಂತಹ ದಾರಿಯಲ್ಲಿ ಹೇರೆತ್ತಿಗೆ ಇರುವ ಅನುಕೂಲ ಗಾಡಿಗಿಲ್ಲ. ಎತ್ತಿನ ಬೆನ್ನಿಗೆ ಅಚ್ಚಿಲ್ಲ, ಸವೆಯುವ ಗುಂಬವಿಲ್ಲ. ಔರಾದ ತಾಲ್ಲೂಕಿನ ತಾಂಡಾಗಳಲ್ಲಿ ಇಂದು ನೆಲೆಸಿರುವ ಲಂಬಾಣಿಗರ ಪೂರ್ವಿಕರ ವೃತ್ತಿಯು ಈ ಕಾರಣದಿಂದ ಬಹುಕಾಲ ಬಾಳಿತೆಂದು ಊಹಿಸಬಹುದಾಗಿದೆ.

ಎತ್ತಿನ ಗಾಡಿಯ ಗುಂಬದಲ್ಲಿ ಅಚ್ಚು ಉಜ್ಜಿಕೊಂಡೇ ತಿರುಗಬೇಕು. ಅದನ್ನು ಸುಗಮಗೊಳಿಸಲು ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ ಕೀಲೆಣ್ಣೆ ಮಾಡುತ್ತಿದ್ದರು; ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಗೇ ತೂಗುಹಾಕುತ್ತಿದ್ದರು. ಕಿರುಗುಟ್ಟುವ ದನಿ ಕೇಳಿದರೆ ಎಣ್ಣೆ ಒಣಗಿದೆಯೆಂದು ತಿಳಿಯುವರು. ಗುಂಬ ಮುಟ್ಟಿ ಬಿಸಿಯಾಗಿದ್ದರೆ ಗಾಡಿ ನಿಲ್ಲಿಸುವರು. ಗಾಲಿಯನ್ನು ಹಿಡಿದು ಅಲುಗಿಸಿ ಓಲಾಟ ಹೆಚ್ಚಿದ್ದರೆ ಬಡಗಿಯ ಮನೆಗೆ ಹೊಡೆಯುವರು. ದನಿ, ಬಿಸಿ, ಓಲಾಟ ಈ ಮೂರೇ ಪರೀಕ್ಷೆಗಳು. ಬಡಗಿಯೂ ಕಮ್ಮಾರನೂ ಗುಂಬದ ಒಳಗಿನ ಸವೆದ ಕಬ್ಬಿಣದ ಬಳೆಯನ್ನು ತೆಗೆದು ಹೊಸದನ್ನು ಕೂರಿಸಿ ಅದೇ ಗಾಲಿಯನ್ನು ಮತ್ತೆ ನಡೆಯಿಸುವರು. ಇಲ್ಲಿ ದುರಸ್ತಿ ಎಂದರೆ ಇದ್ದುದನ್ನೇ ತಿದ್ದುವುದು.

4

ಉಜ್ಜುವುದರ ಬದಲು ಉರುಳುವಂತೆ ಮಾಡಿದರೆ ಶ್ರಮ ಬಹಳ ಕಡಿಮೆಯಾಗುವುದು. ಜಿಡ್ಡು ಹಚ್ಚಿದ ಲೋಹದ ಮೇಲೆ ಲೋಹ ಜಾರುವಾಗ ಅಡ್ಡಿಯು ಹೊರೆಯ ಹತ್ತನೆಯ ಒಂದು ಪಾಲಿನ ಆಸುಪಾಸಿನಲ್ಲಿದ್ದರೆ, ನಡುವೆ ಉಕ್ಕಿನ ಗುಂಡುಗಳು ಉರುಳುವಾಗ ಅದು ಸಾವಿರದಲ್ಲಿ ಒಂದೆರಡು ಪಾಲಿಗೆ ಇಳಿಯುವುದು. ತತ್ತ್ವ ಹಳೆಯದೇ. ಇಟಲಿಯ ನೇಮಿ ಸರೋವರದ ನೀರನ್ನು 1928ರಿಂದ ತೆಗೆಯಿಸಿದಾಗ ದೊರೆತ ಕ್ರಿ. ಶ. 1ನೆಯ ಶತಮಾನದ ರೋಮನ್ ಹಡಗುಗಳಲ್ಲಿ, ತಿರುಗುವ ಹಲಗೆಯೊಂದರ ಕೆಳಗೆ ಇಂತಹ ಗುಂಡುಗಳಿದ್ದುವು. ಲಿಯೊನಾರ್ಡೊ ದ ವಿಂಚಿಯ ಟಿಪ್ಪಣಿಗಳಲ್ಲಿಯೂ ಅವುಗಳ ಚಿತ್ರಗಳುಂಟು. 1794ರಲ್ಲಿ ವೇಲ್ಸ್ ದೇಶದ ಫಿಲಿಪ್ ವಾನ್ ಎಂಬ ಕಬ್ಬಿಣದ ಉದ್ಯಮಿ ಗಾಡಿಯ ಅಚ್ಚಿಗೇ ಗುಂಡುಗಳನ್ನು ಅಳವಡಿಸಿ ಸನ್ನದು ಪಡೆದನು.

ಆದರೆ ಒಂದು ತೊಡಕಿತ್ತು. ಗುಂಡುಗಳೆಲ್ಲವೂ ಒಂದೇ ಅಳತೆಯಲ್ಲಿರಬೇಕು. ಒಂದು ಕೂದಲೆಳೆಯಷ್ಟು ದೊಡ್ಡದಾದರೂ ಹೊರೆಯೆಲ್ಲ ಅದರ ಮೇಲೆಯೇ ಬಿದ್ದು ಒಡೆಯುವುದು. 1869ರಲ್ಲಿ ಪ್ಯಾರಿಸಿನಿಂದ ರುವಾನ್‌ಗೆ ನಡೆದ ಸೈಕಲ್ ಪಂದ್ಯದಲ್ಲಿ ಜೇಮ್ಸ್ ಮೂರ್ ಗೆದ್ದುದು ಗುಂಡಿನ ಬೇರಿಂಗುಳ್ಳ ಸೈಕಲಿನಲ್ಲಿ. ಬಳಿಕ 1883ರಲ್ಲಿ ಜರ್ಮನಿಯ ಶ್ವೈನ್‌ಫುರ್ಟ್ ಪಟ್ಟಣದ ಫ್ರೀಡ್ರಿಕ್ ಫಿಷರ್ ಗುಂಡುಗಳನ್ನು ಸಮನಾಗಿ ಅರೆಯುವ ಯಂತ್ರವನ್ನು ನಿರ್ಮಿಸಿದ ಮೇಲೆ ಬೇರಿಂಗು ಸಾಮಾನ್ಯ ವಸ್ತುವಾಗತೊಡಗಿತು. ಅಮೆರಿಕದ ಹೆನ್ರಿ ಟಿಮ್ಕೆನ್ 1898ರಲ್ಲಿ ಶಂಕುವಿನಾಕಾರದ ಉರುಳೆಗಳ ಬೇರಿಂಗಿಗೆ ಸನ್ನದು ಪಡೆದನು. ಈತನು ವೃತ್ತಿಯಿಂದ ಕುದುರೆಗಾಡಿಗಳನ್ನು ಕಟ್ಟುವವನು. ಗಾಡಿ ತಿರುವಿನಲ್ಲಿ ಹೊರಳುವಾಗ ಗಾಲಿಗೆ ಪಕ್ಕದಿಂದ ಬೀಳುವ ಒತ್ತಡವನ್ನು ತಡೆಯುವುದು ಅವನ ಉದ್ದೇಶವಾಗಿತ್ತು. ಮೋಟಾರಿನ ಗಾಲಿಗೆ ತಕ್ಕ ಬೇರಿಂಗು ಹೀಗೆ ಗಾಡಿಯವನ ಅನುಭವದಿಂದಲೇ ಹುಟ್ಟಿತು. 1907ರಲ್ಲಿ ಸ್ವೀಡನ್ನಿನ ಸ್ವೆನ್ ವಿಂಗ್‌ಕ್ವಿಸ್ಟ್ ತನ್ನಷ್ಟಕ್ಕೆ ಹೊಂದಿಕೊಳ್ಳುವ ಬೇರಿಂಗನ್ನು ರೂಪಿಸಿದನು. ಮುಂದೆ ಈ ಸಣ್ಣ ವಸ್ತುವು ರಾಷ್ಟ್ರಗಳ ಬಲಾಬಲವನ್ನೇ ನಿರ್ಣಯಿಸುವಂತಾಯಿತು. 1943ರ ಆಗಸ್ಟ್ 17 ಮತ್ತು ಅಕ್ಟೋಬರ್ 14ರಂದು ಅಮೆರಿಕದ ವಿಮಾನಗಳು ಶ್ವೈನ್‌ಫುರ್ಟಿನ ಮೇಲೆ ಬಾಂಬುಗಳನ್ನು ಸುರಿದುದು ಅಲ್ಲಿನ ಬೇರಿಂಗು ಕಾರ್ಖಾನೆಗಳಿಗಾಗಿಯೇ.

ನಮ್ಮ ಪ್ರದೇಶಕ್ಕೆ ಬೇರಿಂಗು ಬಂದುದು ಸೈಕಲು, ಲಾರಿ, ಬಸ್ಸುಗಳ ಗಾಲಿಯಲ್ಲಿ. 1932ರಲ್ಲಿ ಹೈದರಾಬಾದಿನ ನಿಜಾಮ ಸರ್ಕಾರವು ತನ್ನ ರೈಲ್ವೆಯ ಅಂಗವಾಗಿ 27 ಬಸ್ಸುಗಳಿಂದ ರಸ್ತೆ ಸಾರಿಗೆಯನ್ನು ಆರಂಭಿಸಿತು. ಸ್ಕಾಟ್ಲೆಂಡಿನ ಆಲ್ಬಿಯನ್ ಬಸ್ಸುಗಳು ಆ ಕಾಲದ ಕುರುಹಾಗಿ ಇಂದಿಗೂ ಸ್ಮರಣೆಯಲ್ಲಿವೆ. ಆಗ ಬೇರಿಂಗು ಹೊರದೇಶದ ಸರಕು. ಭಾರತದಲ್ಲಿ ಅದರ ತಯಾರಿಕೆಗೆಂದು 1946ರಲ್ಲಿ ಜಯಪುರದಲ್ಲಿ ನ್ಯಾಷನಲ್ ಬೇರಿಂಗ್ ಕಂಪನಿ ಸ್ಥಾಪನೆಯಾಯಿತು. 1961ರಲ್ಲಿ ಸ್ವೀಡನ್ನಿನ ಸಂಸ್ಥೆಯ ಸಹಭಾಗದಲ್ಲಿ ಪುಣೆಯ ಉದ್ಯಮವು ಹುಟ್ಟಿತು. 1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆ ಮೂರು ರಾಜ್ಯಗಳಿಗೆ ಹಂಚಿಹೋಯಿತು: ಬೀದರ, ಭಾಲ್ಕಿ, ಹುಮನಾಬಾದ, ಔರಾದಗಳು ಮೈಸೂರಿಗೆ, ಉದಗೀರ, ನಿಲಂಗಾ, ಅಹ್ಮದಪುರಗಳು ಮುಂಬಯಿಗೆ, ಜಹೀರಾಬಾದ, ನಾರಾಯಣಖೇಡಗಳು ಆಂಧ್ರಪ್ರದೇಶಕ್ಕೆ. ಗಡಿ ಬದಲಾದರೂ ಮಿಸ್ತ್ರಿಯ ಭಾಷೆ ಬದಲಾಗಲಿಲ್ಲ. ಪೋರ್ಚುಗೀಸ್ ಮೂಲದ ಮಿಸ್ತ್ರಿ ಎಂಬ ಮಾತು, ದಖನಿಯ ಪುರ್ಜೆ, ಪಾನಾ ಎಂಬ ಮಾತುಗಳು, ಇಂಗ್ಲಿಷಿನ ಬೇರಿಂಗು, ಕನ್ನಡದ ಗಾಲಿ ಇವೆಲ್ಲವೂ ಒಂದೇ ವಾಕ್ಯದಲ್ಲಿ ಕಲೆತು ಬರುವುದನ್ನು ಇಂದಿಗೂ ಇಲ್ಲಿನ ಗ್ಯಾರೇಜುಗಳಲ್ಲಿ ಕೇಳಬಹುದು. ಹಳೆಯ ಮೋಟಾರಿನ ಅಚ್ಚನ್ನು ಬೇರಿಂಗಿನೊಡನೆ ಎತ್ತಿನ ಗಾಡಿಗೆ ಕಟ್ಟಿದ ರಬ್ಬರು ಟೈರಿನ ಗಾಡಿಗಳಾದರೋ ಎರಡು ಯುಗಗಳ ಸಂಧಿಯನ್ನು ಕಣ್ಣಿಗೆ ಕಾಣಿಸುತ್ತವೆ.

5

ಇನ್ನು ಗ್ಯಾರೇಜಿಗೆ ಮರಳೋಣ. ಮಿಸ್ತ್ರಿಯವರ ಪರೀಕ್ಷಾಕ್ರಮವನ್ನು ನಾವು ಕಂಡಂತೆ ದಾಖಲಿಸುತ್ತೇವೆ.

ಮೊದಲನೆಯದು ದನಿ. ಎಂಜಿನ್ನಿನ ದನಿಯು ಎಂಜಿನ್ನಿನ ತಿರುಗುವಿಕೆಯನ್ನು ಅನುಸರಿಸುವುದು. ಗಾಲಿಯ ದನಿಯು ಕಾರಿನ ವೇಗವನ್ನು ಮಾತ್ರ ಅನುಸರಿಸುವುದು. ಓಡುತ್ತಿರುವಾಗ ಗೇರನ್ನು ತಟಸ್ಥಸ್ಥಿತಿಗೆ ತಂದರೂ ದನಿ ಉಳಿದರೆ ದೋಷ ಗಾಲಿಯ ಕಡೆಗಿದೆ. ಟೈರಿನ ದನಿಯು ಡಾಂಬರಿನಿಂದ ಕಾಂಕ್ರೀಟಿಗೆ ಹೋದಾಗ ಬದಲಾಗುವುದು. ಬೇರಿಂಗಿನ ದನಿಯು ರಸ್ತೆ ಬದಲಾದರೂ ಬದಲಾಗದು. ಕಾರು ಎಡಕ್ಕೆ ತಿರುಗುವಾಗ ಹೊರೆ ಬಲಗಾಲಿಗಳ ಮೇಲೆ ಸರಿಯುವುದು. ಆಗ ದನಿ ಹೆಚ್ಚಿದರೆ ಸಾಮಾನ್ಯವಾಗಿ ಬಲಗಡೆಯ ಬೇರಿಂಗು ಕೆಟ್ಟಿದೆಯೆಂದು ತಿಳಿಯತಕ್ಕದ್ದು. ಚೌಖಂಡಿಯ ತಿರುವಿನಲ್ಲಿ ನಾವು ಕೇಳಿದುದು ಇದನ್ನೇ. ಕೇಳಿದರೂ ಅರಿಯದೆ ಹೋದೆವು.

ಎರಡನೆಯದು ಓಲಾಟ. ಗಾಲಿಯನ್ನು ನೆಲದಿಂದೆತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಿಸತಕ್ಕದ್ದು. ಓಲಾಟ ಕಂಡರೆ ಮತ್ತೊಬ್ಬರಿಂದ ಬ್ರೇಕನ್ನು ಒತ್ತಿಸಿ ಪುನಃ ಅಲುಗಿಸಬೇಕು. ಬ್ರೇಕು ಒತ್ತಿದಾಗ ಓಲಾಟ ಅಡಗಿದರೆ ಅದು ಬೇರಿಂಗಿನದು; ಉಳಿದರೆ ತೂಗುವ ಕೀಲುಗಳದು. ಕೈಗಳನ್ನು ಎಡಬಲಕ್ಕೆ ಹಿಡಿದಾಗ ಮಾತ್ರ ಅಲುಗಿದರೆ ದೋಷವು ಸ್ಟಿಯರಿಂಗಿನ ಸಂದುಗಳಲ್ಲಿರಬಹುದು. ಓಲಾಟವಿಲ್ಲವೆಂದ ಮಾತ್ರಕ್ಕೆ ಬೇರಿಂಗು ಆರೋಗ್ಯವಾಗಿದೆಯೆಂದು ಭಾವಿಸಬಾರದು. ಆದುದರಿಂದ ಮಿಸ್ತ್ರಿಯವರು ಒಂದು ಕೈಯಿಂದ ಗಾಲಿಯನ್ನು ತಿರುಗಿಸುತ್ತ, ಇನ್ನೊಂದು ಅಂಗೈಯನ್ನು ಅದರ ಮೇಲಣ ಸುರುಳಿ ಸ್ಪ್ರಿಂಗಿನ ಮೇಲಿಟ್ಟು ಕಣ್ಣು ಮುಚ್ಚಿದರು. ಬಳಿಕ ನಮ್ಮ ವಿದ್ಯಾರ್ಥಿಗಳ ಕೈಯನ್ನೂ ಅಲ್ಲಿ ಇಡಿಸಿದರು. ಮರಳಿನ ಮೇಲೆ ಏನೋ ಉರುಳಿದಂತೆ ಸಣ್ಣ ನಡುಕ ಅಂಗೈಗೆ ತಾಕಿತು. ಎಡಗಡೆಯ ಗಾಲಿಯಲ್ಲಿ ಅದಿರಲಿಲ್ಲ. ಮೂರನೆಯದು ಬಿಸಿ: ಓಡಿ ಬಂದ ಒಡನೆಯೇ ಎರಡು ಗಾಲಿಗಳ ನಡುಭಾಗಕ್ಕೂ ಕೈಯನ್ನು ಸಮೀಪಿಸಿ ಹೋಲಿಸುವುದು. ದನಿ, ಓಲಾಟ, ಬಿಸಿ. ಎತ್ತಿನ ಗಾಡಿಯವನ ಮೂರು ಪರೀಕ್ಷೆಗಳೇ ಇಲ್ಲಿಯೂ ನಿಂತಿರುವುದನ್ನು ವಾಚಕರು ಗಮನಿಸಬೇಕು.

ಬದಲಾಯಿಸುವ ಕಾರ್ಯ ಹೀಗೆ ನಡೆಯಿತು. ಗಾಲಿ ನೆಲದ ಮೇಲಿರುವಾಗಲೇ ಅಚ್ಚಿನ ದೊಡ್ಡ ನಟ್ಟನ್ನು ಸಡಿಲಿಸಿದರು. ಹಿಂದಿನ ಗಾಲಿಗಳಿಗೆ ತಡೆಗಲ್ಲು ಕೊಟ್ಟು, ಕಾರನ್ನು ಜ್ಯಾಕಿನಿಂದೆತ್ತಿ, ಅದರ ಕೆಳಗೆ ಭದ್ರವಾದ ಆನಿಕೆಗಳನ್ನಿಟ್ಟರು. ಜ್ಯಾಕಿನ ಮೇಲೊಂದರಲ್ಲೇ ನಿಂತ ಕಾರಿನ ಕೆಳಗೆ ಕೈ ಚಾಚಕೂಡದೆಂಬುದು ಅಲ್ಲಿನ ಕಟ್ಟಾಜ್ಞೆ. ಗಾಲಿಯನ್ನು ತೆಗೆದು, ಬ್ರೇಕಿನ ಹಿಡಿಯನ್ನು ಅದರ ರಬ್ಬರು ಕೊಳವೆಗೆ ಭಾರ ಬೀಳದಂತೆ ತಂತಿಯಿಂದ ತೂಗುಹಾಕಿದರು. ಬೇರಿಂಗು ಕೂತಿರುವ ಎರಕದ ಭಾಗವನ್ನು ಕಳಚಿ ಒತ್ತುಯಂತ್ರದ ಮೇಲಿಟ್ಟು, ಗಾಲಿಯ ನಾಭಿಯನ್ನು ಹೊರದೂಡಿ, ತಡೆಬಳೆಯನ್ನು ತೆಗೆದು, ಹಳೆಯ ಬೇರಿಂಗನ್ನು ಒತ್ತಿ ಹೊರಗೆ ತಂದರು.

ಹೊಸದನ್ನು ಕೂರಿಸುವಾಗಿನ ನಿಯಮವೇ ಇಡೀ ವಿದ್ಯೆಯ ಸಾರ. ಎರಕದ ತೂತಿನೊಳಗೆ ಒತ್ತುವಾಗ ಬಲವನ್ನು ಬೇರಿಂಗಿನ ಹೊರಬಳೆಯ ಮೇಲೆಯೇ ಹಾಕತಕ್ಕದ್ದು. ನಾಭಿಯನ್ನು ಬೇರಿಂಗಿನೊಳಗೆ ಒತ್ತುವಾಗ ಒಳಬಳೆಗೆ ಆಸರೆ ಕೊಡತಕ್ಕದ್ದು. ಈ ನಿಯಮ ತಪ್ಪಿದರೆ ಒತ್ತಡವು ಗುಂಡುಗಳ ಮೂಲಕ ಹಾದು ನುಣುಪಾದ ಹಾದಿಯಲ್ಲಿ ಕುಳಿಗಳನ್ನು ಮಾಡುವುದು. ಸುತ್ತಿಗೆಯಂತೂ ಸರ್ವಥಾ ಸಲ್ಲದು. ಹೊಸ ಕಾರುಗಳಲ್ಲಿ ಬೇರಿಂಗಿನ ಒಂದು ಪಕ್ಕದಲ್ಲಿ ವೇಗವನ್ನು ಅಳೆಯುವ ಅಯಸ್ಕಾಂತದ ಪಟ್ಟಿಯಿರುವುದುಂಟು; ಅದು ತನ್ನ ಸಂವೇದಕದ ಕಡೆಗೇ ಮುಖಮಾಡಿರಬೇಕು. ಕಡೆಗೆ ಹೊಸ ನಟ್ಟನ್ನೇ ಬಳಸಿ, ಕೈಪಿಡಿಯಲ್ಲಿ ಹೇಳಿದ ಬಲಕ್ಕೆ ಸರಿಯಾಗಿ ಬಿಗಿಯತಕ್ಕದ್ದು.

ಹಳೆಯ ವಿಲ್ಲಿಸ್ ಜೀಪಿನಂತಹ ವಾಹನಗಳ ಶಂಕುರುಳೆಯ ಬೇರಿಂಗಿನ ಕ್ರಮ ಬೇರೆ. ಅದನ್ನು ತೊಳೆದು, ಪರೀಕ್ಷಿಸಿ, ಗ್ರೀಸು ತುಂಬಿ, ಗಾಲಿಯನ್ನು ತಿರುಗಿಸುತ್ತ ನಟ್ಟನ್ನು ಬಿಗಿದು, ಮತ್ತೆ ಕೊಂಚ ಸಡಿಲಿಸುವರು. ಕೆಲವು ವಾಹನಗಳಲ್ಲಿ ನಟ್ಟು ತಿರುಗದಂತೆ ಅಚ್ಚಿನ ತೂತಿನಲ್ಲಿ ಸೀಳುಪಿನ್ನನ್ನು ತೂರಿ ಅದರ ಎರಡು ಕಾಲುಗಳನ್ನು ಮಡಿಸುವರು. ಆ ಪಿನ್ನನ್ನು ಕಂಡಾಗ ಇದು ನಮ್ಮ ಕಡೆಗೀಲಿನ ವಂಶಜನೆಂಬುದರಲ್ಲಿ ಸಂದೇಹ ಉಳಿಯುವುದಿಲ್ಲ.

6

ಕೆಲಸ ಮುಗಿದ ಮೇಲೆ ಮಿಸ್ತ್ರಿಯವರು ಹಳೆಯ ಬೇರಿಂಗನ್ನು ಒಡೆದು, ಸೀಮೆಎಣ್ಣೆಯಲ್ಲಿ ತೊಳೆದು, ಅದರ ಬಳೆಯನ್ನು ಬಿಸಿಲಿಗೆ ಹಿಡಿದರು. ಗುಂಡುಗಳು ಓಡುವ ಹಾದಿಯಲ್ಲಿ ಸಮಾನ ಅಂತರದಲ್ಲಿ ಸಣ್ಣ ಕುಳಿಗಳಿದ್ದುವು. ವಿದ್ಯಾರ್ಥಿಗಳು ಎಣಿಸಿದರು, ಒಂದು ಸಾಲಿನಲ್ಲಿ ಎಷ್ಟು ಗುಂಡುಗಳೋ ಅಷ್ಟೇ ಕುಳಿಗಳು. ಎರಡು ಕುಳಿಗಳ ಬಳಿ ಉಕ್ಕು ಚಕ್ಕೆಚಕ್ಕೆಯಾಗಿ ಎದ್ದಿತ್ತು. ಹಿಂದಿನ ವರ್ಷ ಈ ಬೇರಿಂಗನ್ನು ಒತ್ತಿ ಕೂರಿಸಿರಲಿಲ್ಲ, ಬಡಿದು ಕೂರಿಸಿದ್ದರೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ರಸೀದಿಯಲ್ಲಿ ಹೊಸ ಬೇರಿಂಗು ಹಾಕಲಾಗಿದೆಯೆಂದು ಬರೆದುದು ನಿಜ. ಅದನ್ನು ಹೇಗೆ ಹಾಕಿದರೆಂಬುದನ್ನು ಬರೆದುದು ಸುತ್ತಿಗೆ. ಬರೆದ ಸ್ಥಳ ಉಕ್ಕು.

ಇತಿಹಾಸದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಸ್ಪಷ್ಟವಾದ ಪಾಠವನ್ನು ನಾವು ತರಗತಿಯಲ್ಲಿ ಹೇಳಿಕೊಟ್ಟಿಲ್ಲವೆಂದು ಒಪ್ಪಿಕೊಳ್ಳುತ್ತೇವೆ. ನಿಜವಾದ ದಾಖಲೆಯೂ ದಾರಿ ತಪ್ಪಿಸಬಲ್ಲುದು. ಬರೆದ ಮಾತು ತಾನು ಹೇಳುವಷ್ಟನ್ನು ಮಾತ್ರ ಹೇಳುವುದು. ಉಳಿದುದನ್ನು ನಾವು ನಮ್ಮ ಊಹೆಯಿಂದ ತುಂಬಿ, ಆ ಊಹೆಗೂ ದಾಖಲೆಯ ಪ್ರಾಮಾಣ್ಯವನ್ನು ಕೊಟ್ಟುಬಿಡುತ್ತೇವೆ. ನಾವು ಮಾಡಿದ ತಪ್ಪು ಅದೇ. ಅದರ ಬೆಲೆ ಎರಡು ಟೈರುಗಳಿಗೆ ನಿಂತುದು ನಮ್ಮ ಅದೃಷ್ಟ. ಚಕ್ಕೆಯೇಳುತ್ತಿದ್ದ ಬೇರಿಂಗು ಇನ್ನಷ್ಟು ಸವೆದು ಗಾಲಿ ಸೆರೆಬಿದ್ದಿದ್ದರೆ ಅಥವಾ ಸಡಿಲವಾಗಿದ್ದರೆ, ಆ ಇಳಿಜಾರಿನಲ್ಲಿ ಕಾರಿನೊಳಗಿದ್ದ ವಿದ್ಯಾರ್ಥಿಗಳ ಗತಿಯೇನಾಗುತ್ತಿತ್ತೆಂದು ನೆನೆದರೆ ಇಂದಿಗೂ ಮನಸ್ಸು ಅಳುಕುವುದು. ಹೊರೆಯ ವಿಚಾರದಲ್ಲಿಯೂ ಒಂದು ಎಚ್ಚರಿಕೆ ಅಗತ್ಯ. ಗುಂಡಿನ ಬೇರಿಂಗಿನ ಮೇಲಣ ಹೊರೆ ಇಮ್ಮಡಿಯಾದರೆ ಅದರ ಆಯುಸ್ಸು ಎಂಟನೆಯ ಒಂದು ಪಾಲಿಗೆ ಇಳಿಯುವುದೆಂದು ತಂತ್ರಜ್ಞರು ಲೆಕ್ಕಹಾಕಿದ್ದಾರೆ. ಜಾತ್ರೆಯ ದಿನಗಳಲ್ಲಿ ಮಿತಿಮೀರಿ ಜನರನ್ನು ತುಂಬಿಕೊಂಡು ಓಡುವ ವಾಹನಗಳನ್ನು ನೋಡಿದವರಿಗೆ ಈ ಲೆಕ್ಕದ ಮಹತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಾಡಿಯಿಂದ ಕಾರಿನವರೆಗೆ ಬಂದ ಬದಲಾವಣೆಯನ್ನು ಈಗ ಸಂಗ್ರಹಿಸಿ ಹೇಳಬಹುದು. ದುರಸ್ತಿಯ ಸ್ವರೂಪ ಬದಲಾಗಿದೆ. ಬಡಗಿಯು ಗುಂಬವನ್ನು ತಿದ್ದುತ್ತಿದ್ದನು. ಜೀಪಿನ ಮಿಸ್ತ್ರಿಯು ಬೇರಿಂಗನ್ನು ತೊಳೆದು ಗ್ರೀಸು ತುಂಬುತ್ತಿದ್ದನು. ಇಂದಿನ ಮಿಸ್ತ್ರಿಯು ಮುಚ್ಚಿದ ಬೇರಿಂಗನ್ನು ತೆಗೆದು ಹೊಸದನ್ನು ಹಾಕುವನು. ಕೆಲವು ಹೊಸ ಕಾರುಗಳಲ್ಲಿ ನಾಭಿಯೂ ಬೇರಿಂಗೂ ಒಂದೇ ಅಖಂಡ ವಸ್ತುವಾಗಿ ಬರುವುದರಿಂದ ಒತ್ತುವ ಕೆಲಸವೂ ಉಳಿದಿಲ್ಲ. ತಿದ್ದುವ ವಿದ್ಯೆ ಹೀಗೆ ಕೈಯಿಂದ ಕಾರ್ಖಾನೆಗೆ ಸರಿದಿದೆ. ಅದರಿಂದ ಗಾಲಿ ಹೆಚ್ಚು ಕಾಲ ಬಾಳುವುದೆಂಬ ಲಾಭವನ್ನು ಅಲ್ಲಗಳೆಯಲಾಗದು. ಆದರೆ ಅರಿಯುವ ವಿದ್ಯೆ ಮಾತ್ರ ಅಲ್ಲಿಯೇ ಉಳಿದಿದೆ: ಕಿವಿ, ಅಂಗೈ, ಹೋಲಿಕೆ, ತಾಳ್ಮೆ. ಋಗ್ವೇದದ ಕವಿಗೆ ಗೊತ್ತಿದ್ದ ಬಿಸಿಯನ್ನೂ ಗಾಡಿಯವನಿಗೆ ಗೊತ್ತಿದ್ದ ದನಿಯನ್ನೂ ಬೀದರದ ಮಿಸ್ತ್ರಿ ಇಂದಿಗೂ ನಂಬುವನು.

ಈ ವಿದ್ಯೆಗೆ ಆಕರಗಳಾದರೋ ದಿನೇ ದಿನೇ ಅಳಿಯುತ್ತಿವೆ. ಸವೆದ ಬೇರಿಂಗುಗಳು ಗುಜರಿಗೆ ಹೋಗುವುವು. ಮುರಿದ ಗುಂಬಗಳು ಒಲೆಗೆ ಹೋಗಿವೆ. ಮಿಸ್ತ್ರಿಗಳ ನೆನಪು ಅವರೊಡನೆಯೇ ಹೋಗುವುದು. ಜಿಲ್ಲೆಯ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳ ಬಡಗಿ, ಕಮ್ಮಾರ, ಮಿಸ್ತ್ರಿಗಳ ಬಳಿ ಕುಳಿತು ಅವರ ಮಾತುಗಳನ್ನೂ ಉಪಕರಣಗಳ ಹೆಸರುಗಳನ್ನೂ ಬರೆದುಕೊಂಡರೆ, ಭಾಲ್ಕಿ ಔರಾದಗಳ ದಾರಿಗಳಿಗೂ ಒಂದು ಚರಿತ್ರೆ ಒದಗುವುದು. ಅಧ್ಯಾಪಕ ಮಿತ್ರರು ಇದನ್ನು ಒಂದು ವರ್ಷದ ಕ್ಷೇತ್ರಕಾರ್ಯವಾಗಿ ಕೈಕೊಳ್ಳಬಹುದೆಂದು ಸೂಚಿಸುತ್ತೇವೆ.

ಅಷ್ಟೂರದಲ್ಲಿ ಹುಮಾಯೂನ್ ಶಾಹ ಬಹಮನಿಯ ಗೋರಿಯ ಗುಮ್ಮಟವು ಸಿಡಿಲು ಬಡಿದು ಸೀಳಿತೆಂದು ಹೇಳುವರು. ಅದರ ಅರ್ಧಭಾಗ ಉರುಳಿಹೋಗಿದೆ. ನೋಡಿದವರು ಮೊದಲು ಮರುಗುವರು. ಆದರೆ ಗೋಡೆಯ ದಪ್ಪವೆಷ್ಟು, ಗುಮ್ಮಟದ ಬಾಗು ಹೇಗೆ ಏರುವುದು ಎಂಬುದನ್ನು ವಿದ್ಯಾರ್ಥಿಗಳಿಗೆ ತೋರಿಸಬೇಕಾದಾಗ ನಾವು ಅವರನ್ನು ಕರೆದೊಯ್ಯುವುದು ಆ ಒಡೆದ ಗೋರಿಗೇ. ಇಡಿಯಾಗಿ ನಿಂತ ಗೋರಿಗಳು ತಮ್ಮ ಒಳಗನ್ನು ತೋರಿಸುವುದಿಲ್ಲ. ಆ ದಿನದ ಹಳೆಯ ಬೇರಿಂಗಿನ ಬಳೆಯನ್ನು ನಾವು ಮಿಸ್ತ್ರಿಯವರಿಂದ ಕೇಳಿ ಪಡೆದುಕೊಂಡೆವು. ಈಗ ಅದು ನಮ್ಮ ವಿಭಾಗದ ಕಪಾಟಿನಲ್ಲಿ, ಶಾಸನಗಳ ಪಡಿಯಚ್ಚುಗಳ ಪಕ್ಕದಲ್ಲಿದೆ. ಅದರ ಕೆಳಗೆ ಆ ರಸೀದಿಯನ್ನೂ ಇಟ್ಟಿದ್ದೇವೆ.